ಅತ್ತೆಯ ಬಲಗೈ ಮತ್ತು ನನ್ನ ಸಾವಕಾಶದ ಕೆಲಸ

ನಾನು ಹತ್ತನೆಯ ತರಗತಿಯವರೆಗೆ ಓದಿದವಳು. ಮದುವೆಯಾಗಿ ಬನಹಟ್ಟಿಗೆ ಬಂದ ಮೇಲೆ ಜಮಖಂಡಿಗೆ ಹೋಗಿ ಬಂದು ಯೋಗದ ಒಂದು ಕೋರ್ಸ್ ಮುಗಿಸಿದೆ. ಅದರ ಮೇಲೆ ಒಂದು ಸಣ್ಣ ದವಾಖಾನೆಯಲ್ಲಿ ಯೋಗ ಕಲಿಸುವ ಕೆಲಸ ಸಿಕ್ಕಿತು. ಕಲಿಸುವುದೆಂದರೆ ಜನರನ್ನು ತಲೆ ಕೆಳಗೆ ನಿಲ್ಲಿಸುವುದಲ್ಲ. ಸೊಂಟ ಹಿಡಿದವರು, ಮೊಣಕಾಲು ನೋಯುವವರು, ನಿದ್ದೆ ಬಾರದವರು, ಬಿಪಿ, ಶುಗರ್ ಇದ್ದವರು, ಇಂಥವರನ್ನು ಡಾಕ್ಟರು ನನ್ನ ಕೋಣೆಗೆ ಕಳಿಸುತ್ತಿದ್ದರು. ಅವರವರ ಮೈ ಒಪ್ಪುವಷ್ಟು, ಉಸಿರು ತಾಳುವಷ್ಟು ಹಗುರಾಗಿ ಮಾಡಿಸಿ ಕಳಿಸುವುದು ನನ್ನ ಕೆಲಸವಾಗಿತ್ತು. ನಿವೃತ್ತಿಯಾಗುವ ತನಕ ಅದನ್ನೇ ಮಾಡಿದೆ.

ಈಚೆಗೆ ಇದೇ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. "ಅಕ್ಕಾರ, ನೀವು ಮಾಡಿದ್ದನ್ನ ಬರದ ಇಡ್ರಿ. ನಮ್ಮ ಪುಸ್ತಕದಾಗ ಆಸನದ ಹೆಸರು ಅದಾವು, ಮಂದಿ ಇಲ್ಲ" ಎಂದರು. ನನಗೆ ಬರೆಯುವ ರೂಢಿ ಇಲ್ಲ. ಆದರೂ ಕುಳಿತಿದ್ದೇನೆ. ಹೋದ ಚಳಿಗಾಲದಲ್ಲಿ ನನ್ನ ಅತ್ತೆ ನೀಲವ್ವ ತೀರಿಕೊಂಡರು. ಮಧ್ಯಾಹ್ನ ಊಟವಾದ ಮೇಲೆ ಮನೆಯಲ್ಲಿ ಅವರ ಮಾತು ಇಲ್ಲದ ಹೊತ್ತೊಂದು ಬರುತ್ತದೆ. ಆ ಹೊತ್ತಿನಲ್ಲಿ ಏನಾದರೂ ಮಾಡಬೇಕು, ಅದಕ್ಕೆ ಬರೆಯುತ್ತೇನೆ.

ಅವರು ಈ ಬರಹದಲ್ಲಿ ಮತ್ತೆ ಮತ್ತೆ ಬರುತ್ತಾರೆ, ಬೇಸರ ಮಾಡಿಕೊಳ್ಳಬೇಡಿ. ನನ್ನ ಕೆಲಸ ನಿಜವಾಗಿ ಏನೆಂದು ನನಗೆ ತಿಳಿದದ್ದು ಅವರ ಬಲಗೈ ಬಿಗಿದು ಮೇಲೇಳದಾದ ವರ್ಷ. ಆ ಕೈ ಮೇಲೆದ್ದರೆ ಅವರ ಮಗ್ಗ ಉಳಿಯುತ್ತಿತ್ತು. ಏಳದಿದ್ದರೆ ಮಗ್ಗದ ಕೆಳಗಿನ ಗುಂಡಿಗೆ, ನಾವು ಕುಣಿ ಎನ್ನುವುದಕ್ಕೆ, ಮಣ್ಣು ತುಂಬುವುದೆಂದು ಮನೆಯಲ್ಲಿ ಮಾತಾಗಿತ್ತು. ಅದನ್ನು ಹೇಳುವ ಮೊದಲು ನನ್ನ ಮೊದಲ ದಿನಗಳದ್ದು ಸ್ವಲ್ಪ ಹೇಳಬೇಕು.

ನನ್ನ ಯೋಗದ ಕೋಣೆಯ ಹಿಂದಿನ ಓಣಿ ಪೂರ್ತಿ ಪವರ್‌ಲೂಮ್. ಕರೆಂಟ್ ಇದ್ದಾಗ ನೇಕಾರರು ಯಾರೂ ಬರುತ್ತಿರಲಿಲ್ಲ. ಕರೆಂಟ್ ಹೋದ ಕೂಡಲೇ ಚಪ್ಪಲಿ ಸಪ್ಪಳ ಮಾಡುತ್ತ ಎಲ್ಲರೂ ಒಟ್ಟಿಗೆ ಬರುತ್ತಿದ್ದರು. ಊರಲ್ಲಿ ನನ್ನ ತರಗತಿಗೆ "ಕರೆಂಟ್ ಹೋದ ಯೋಗ" ಎಂದೇ ಹೆಸರು ಬಿದ್ದಿತ್ತು. ಬಂದವರು ಎಲ್ಲ ಆಸನವನ್ನೂ ಮಗ್ಗದ ವೇಗದಲ್ಲಿ ಮಾಡಿ ಮುಗಿಸುತ್ತಿದ್ದರು. ಕೊನೆಗೆ ಮೈ ಸಡಿಲು ಬಿಟ್ಟು ಅಂಗಾತ ಮಲಗಿರಿ ಎಂದರೆ ಮಲಗುತ್ತಿದ್ದರು, ಆದರೆ ಕಣ್ಣು ಮಾತ್ರ ಮೇಲಿನ ಫ್ಯಾನಿನ ಮೇಲೆ. ಫ್ಯಾನು ತಿರುಗಿತೆಂದರೆ ಕರೆಂಟ್ ಬಂತು ಎಂದು ಅರ್ಥ. ಅಷ್ಟೂ ಜನ ಒಮ್ಮೆಲೇ ಎದ್ದು ಬಾಗಿಲಿಗೆ ಓಡುತ್ತಿದ್ದರು.

ಹಾಗೆ ಓಡಿದ ಈರಪ್ಪ ಎಂಬ ನೇಕಾರ ಒಂದು ದಿನ ತಲೆ ತಿರುಗಿ ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ಕುಸಿದು ಕುಳಿತ. ನೀರು ಕೊಟ್ಟೆ. ಸುಧಾರಿಸಿಕೊಂಡ.

"ಈರಪ್ಪಣ್ಣಾ, ಮಲಗಿದಾಂವ ಹಂಗ ಧಡಕ್ಕನ ಏಳಬಾರದು. ಬಲಕ್ಕ ಹೊಳ್ಳಿ, ಎರಡ ಉಸಿರು ತಗೊಂಡು, ಕೈ ಊರಿ ಕುಂತು, ಆಮ್ಯಾಲ ಏಳಬೇಕು."

"ಅಷ್ಟರಾಗ ನಮ್ಮ ಮಗ್ಗ ಯಾರ ಚಾಲೂ ಮಾಡ್ತಾರ್ರೀ ಅಕ್ಕಾರ?"

"ನಿನ್ನ ಬಿಟ್ಟು ಅದು ಯಾರ ಜೋಡೀನೂ ಓಡಿ ಹೋಗೂದಿಲ್ಲ."

ಎಲ್ಲರೂ ನಕ್ಕರು. ಅಂದಿನಿಂದ ಏಳುವುದನ್ನು ಕಲಿಸುವುದು ನನಗೆ ಮೊದಲ ಪಾಠವಾಯಿತು. ಹೊಸಬರು ಇದನ್ನು ಸಣ್ಣದೆಂದು ತಿಳಿಯಬಾರದು. ಬಿಪಿ ಇದ್ದವರಿಗೆ, ವಯಸ್ಸಾದವರಿಗೆ, ಆಸನಕ್ಕಿಂತ ಏಳುವ ರೀತಿ ಮುಖ್ಯ.

ಇನ್ನೊಂದು ತೊಂದರೆ ಇತ್ತು. ವರ್ಷಗಟ್ಟಲೆ ಮಗ್ಗದ ಸಪ್ಪಳದಲ್ಲಿದ್ದು ಅವರ ಕಿವಿ ಮಂದವಾಗಿದ್ದವು. ನನ್ನ ಗುರುಗಳು ಮೆಲುದನಿಯಲ್ಲಿ ಹೇಳಬೇಕೆಂದು ಕಲಿಸಿದ್ದರು. ನಾನು "ಕಣ್ಣು ಹಗುರಾಗಿ ಮುಚ್ಚಿರಿ" ಎಂದು ಪಿಸುಗುಟ್ಟಿದರೆ "ಆಂ? ಏನಂದ್ರಿ?" ಎಂದು ಎದ್ದು ಕುಳಿತುಬಿಡುತ್ತಿದ್ದರು. ಕೊನೆಗೆ "ಸಾವಕಾಶ, ಸಾವಕಾಶ" ಎಂದು ನಾನು ಒದರುವುದು ಬೀದಿಯ ತನಕ ಕೇಳುತ್ತಿತ್ತು.

ಒಂದು ದಿನ ಎಲ್ಲರೂ ಮಲಗಿದ್ದಾಗ ಹಿಂದಿನ ಓಣಿಗೆ ಮಾತ್ರ ಕರೆಂಟ್ ಬಂತು, ನಮ್ಮ ಸಾಲಿಗೂ ಇವರ ಮಗ್ಗಗಳಿದ್ದ ಓಣಿಗಳಿಗೂ ಬರಲಿಲ್ಲ. ಮಗ್ಗಗಳು ಖಟಖಟ ಶುರುವಾದವು. ಇವತ್ತಿನ ತರಗತಿ ಕೆಟ್ಟಿತು ಎಂದುಕೊಂಡೆ. ಆದರೆ ಒಬ್ಬೊಬ್ಬರಾಗಿ ಮುಖ ಸಡಿಲಾಗಿ, ಬಾಯಿ ತೆರೆದು, ಗೊರಕೆ ಹೊಡೆಯತೊಡಗಿದರು. ಆಗ ನನಗೆ ಹೊಳೆಯಿತು. ನೇಕಾರನಿಗೆ ಮಗ್ಗ ನಿಂತರೆ ಎಳೆ ಹರಿಯಿತು ಎಂದು ಲೆಕ್ಕ. ಸದ್ದಿಲ್ಲದಿದ್ದರೆ ಅವನ ಮೈ ಎಚ್ಚರವಾಗುತ್ತದೆ. ನಾನು ಇಷ್ಟು ದಿನ ಕಿಟಕಿ ಮುಚ್ಚಿ ಅವರನ್ನು ಮಲಗಿಸಲು ನೋಡುತ್ತಿದ್ದೆ. ಅಂದಿನಿಂದ ಓಣಿಯ ಕಡೆಯ ಕಿಟಕಿ ತೆರೆದಿಟ್ಟೆ.

ಮೈಸೂರು ಕಡೆಯಿಂದ ಬಂದಿದ್ದ ನಮ್ಮ ಡಾಕ್ಟರು ಒಮ್ಮೆ ಆ ಹೊತ್ತಿಗೆ ಒಳಗೆ ಬಂದರು. ಸಾಲಾಗಿ ಮಲಗಿದವರನ್ನು ನೋಡಿ, "ಏನಮ್ಮಾ ಶಾಂತಾ, ಇದು ಯೋಗದ ಕ್ಲಾಸೋ, ಬಸ್ ಸ್ಟ್ಯಾಂಡೋ?" ಎಂದರು.

"ಸರ್, ಇವ್ರಿಗೆ ರಾತ್ರಿ ನಿದ್ದಿ ಹತ್ತೂದಿಲ್ಲರಿ. ಈಗ ಹತ್ತೇತಿ."

ಡಾಕ್ಟರು ತುದಿಗಾಲಲ್ಲಿ ಹೊರಟು, ಬಾಗಿಲು ಎಳೆದುಕೊಳ್ಳಲು ಹೋದರು. ನೆಲದ ಮೇಲಿಂದ ಈರಪ್ಪ ಕಣ್ಣು ತೆರೆಯದೆ, "ಸಾಹೇಬ್ರ, ಬಾಗಲಾ ಮುಚ್ಚಬ್ಯಾಡ್ರಿ. ಸಪ್ಪಳಾ ಬರ್ಲಿ" ಎಂದ.

ಇದನ್ನು ಸಂಜೆ ಮನೆಯಲ್ಲಿ ಹೇಳಿದರೆ ಅತ್ತೆ ತಮ್ಮ ಮಗ್ಗದಿಂದ ತಲೆ ಎತ್ತದೆ, "ಮಂದಿಗೆ ಮಲಗೂದ ಕಲಸಾಕ ಹೋಗ್ತಾಳ ನನ್ನ ಸೊಸಿ. ಹಂಗ ಉಸಿರಾಡೂದನೂ ಕಲಸ್ತಾಳಂತ. ಇಷ್ಟ ದಿವಸ ನಾವೇನ ಮೂಗ ಬಾಡಿಗಿ ಕೊಟ್ಟಿದ್ವೇನು?" ಎಂದರು.

ಅತ್ತೆಯದು ಕುಣಿಮಗ್ಗ. ಪಡಸಾಲೆಯ ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲು ಇಳಿಬಿಟ್ಟು, ಅಂಚಿನ ಮೇಲೆ ಕುಳಿತು ನೇಯುವುದು. ಕಾಲಿನಿಂದ ಕೆಳಗಿನ ಕಟ್ಟಿಗೆ ತುಳಿಯಬೇಕು, ಬಲಗೈಯಿಂದ, ಅಡ್ಡ ನೂಲು ಒಯ್ಯುವ ಲಾಳಿಯ ಹಗ್ಗ ಎಳೆಯಬೇಕು. ಊರೆಲ್ಲ ಪವರ್‌ಲೂಮ್ ಆದರೂ ಅವರು ಅದನ್ನು ಬಿಟ್ಟಿರಲಿಲ್ಲ. ನನ್ನ ಯಜಮಾನರು ಗುರಪ್ಪ, ಅವರ ಒಬ್ಬನೇ ಮಗ, ಹಿತ್ತಲ ಕಡೆ ಪವರ್‌ಲೂಮ್ ನಡೆಸುತ್ತಿದ್ದರು. ಹಿಂದೆ ಖಟಖಟ, ಮುಂದೆ ಟಕ್ ಟಕ್, ನಡುವೆ ನನ್ನ ಅಡುಗೆಮನೆ.

ಒಂದು ಯುಗಾದಿ ಕಳೆದ ಮೇಲೆ ಅತ್ತೆ ನನ್ನ ಮುಂದೆ ಬೆನ್ನು ಮಾಡಿ ಕುಳಿತು, "ಶಾಂತಾ, ಇವತ್ತ ತುರುಬ ನೀನಾ ಕಟ್ಟ" ಎಂದರು. ಮರುದಿನವೂ ಹಾಗೇ. ಅದರ ಮರುದಿನ ಕುಬಸ ತೊಡಲು ಕರೆದರು. ಬಲಗೈ ಎದೆಯ ಮಟ್ಟಕ್ಕಿಂತ ಮೇಲೆ ಬರುತ್ತಿರಲಿಲ್ಲ. ಡಾಕ್ಟರಿಗೆ ತೋರಿಸಿದೆವು. ಶುಗರ್ ಇದ್ದವರಿಗೆ ಭುಜ ಹೀಗೆ ಬಿಗಿಯುವುದುಂಟು, ಮಾತ್ರೆ ನಡೆಸಿರಿ, ದಿನಾಲೂ ಹಗುರಾಗಿ ಆಡಿಸಬೇಕು, ಜಗ್ಗಬಾರದು, ತಿಂಗಳುಗಟ್ಟಲೆ ತಾಳ್ಮೆ ಬೇಕು ಎಂದರು. ನನ್ನ ಕಡೆ ನೋಡಿ, "ಇದು ನಿನ್ನ ಕೆಲಸವೇ ಅಲ್ವೇನಮ್ಮಾ?" ಎಂದೂ ಹೇಳಿದರು.

ಆದರೆ ಅದೇ ವಾರ ಅತ್ತೆ ಕುಣಿಯಿಂದ ಮೇಲೆ ಬರುವಾಗ ಬಲಗೈ ಊರಲಾಗದೆ ಒಳಗೆ ಜಾರಿದರು. ಪೆಟ್ಟೇನೂ ಆಗಲಿಲ್ಲ. ಯಜಮಾನರು ಓಡಿ ಬಂದು ಎತ್ತಿದರು. ನಾನು ಅಡುಗೆಮನೆಯಿಂದ ಬರುವಷ್ಟರಲ್ಲಿ ತಾಯಿಯನ್ನು ಕಂಬಕ್ಕೆ ಒರಗಿಸಿ ಕೂರಿಸಿದ್ದರು.

"ಯವ್ವಾ, ಸಾಕಿನ್ನ. ಈ ಕುಣಿ ಮುಚ್ಚಸ್ತೇನಿ."

"ಮುಚ್ಚಾಕ ನೀ ಯಾರಲೇ? ನೀ ಹುಟ್ಟೂಕಿಂತ ಮದಲ ಐತಿ ಇದು. ನಿನ್ನ ತೊಟ್ಲಾ ಇದರ ಮ್ಯಾಲಿನ ತೊಲಿಗೇ ಕಟ್ಟಿದ್ದೆ."

"ಬಿದ್ದು ಎಲಬು ಮುರಕೊಂಡ್ರ ಏನ ಮಾಡ್ಲಿ ನಾನು?"

"ಮಗ್ಗದ ಮ್ಯಾಲ ಹಾಸು ಐತಿ. ಹಾಸು ನಡುವ ಕೊಯ್ಯಬಾರದು."

ಹಾಸು ಎಂದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ನೂಲು. ಅದು ಮುಗಿಯುವ ತನಕ ಸೀರೆಯ ಮೇಲೆ ಸೀರೆ ಬರುತ್ತವೆ. ಹೂಡಿದ ಹಾಸನ್ನು ನಡುವೆ ಕತ್ತರಿಸುವುದು ಒಳ್ಳೆಯದಲ್ಲವೆಂದು ನೇಕಾರರ ಮನೆಯಲ್ಲಿ ನಂಬಿಕೆ. ಯಜಮಾನರು ಮಗ್ಗದ ಮೇಲಿನ ನೂಲನ್ನು ಒಮ್ಮೆ ಸವರಿದರು. "ಮಹಾನವಮಿ ತನಕ ನೋಡೋಣು. ಮಗ್ಗದ ಪೂಜಿ ಹೊತ್ತಿಗೆ ಕೈ ಬರಲಿಲ್ಲಂದ್ರ ಮಣ್ಣ ಹಾಕೂದಾ" ಎಂದರು. ಅತ್ತೆ ಲಾಳಿಯನ್ನು ತೆಗೆದು ಗೂಡಿನಲ್ಲಿಟ್ಟರು. ಅಂದರೆ ಒಪ್ಪಿದರು ಎಂದೇ ಅರ್ಥ.

ನಾನು ಮರುದಿನವೇ ಚಾಪೆ ಹಾಸಿ ಕರೆದೆ. ಚಾಪೆಯನ್ನು ಹಾವು ನೋಡಿದಂತೆ ನೋಡಿದರು. "ಅಂಗಾತ ಮಲಗ್ರಿ ಅತ್ತೀ. ಇದಕ್ಕ ಶವಾಸನ ಅಂತಾರು."

"ಹಾಡ ಹಗಲ ಸೊಸಿ ಮುಂದ ಹೆಣಾ ಆಗಿ ಮಲಗಲ್ಯಾ? ಯಾಕ, ಅವಸರ ಐತೇನು ನಿನಗ?"

ಆಮೇಲೆ ನಾನು ಆ ಹೆಸರನ್ನು ಯಾವ ಹಿರಿಯರ ಮುಂದೆಯೂ ಹೇಳಲಿಲ್ಲ. ಬರೇ "ವಿಶ್ರಾಂತಿ" ಎನ್ನುತ್ತಿದ್ದೆ. ಆದರೆ ಅತ್ತೆ ವಿಶ್ರಾಂತಿಗೂ ಮಲಗಲಿಲ್ಲ. ಗೋಡೆಗೆ ಕೈ ಹಚ್ಚಿ ಬೆರಳು ಮೇಲೆ ನಡೆಸಿರಿ ಎಂದರೆ, "ಗ್ವಾಡಿ ಮ್ಯಾಲ ಹಲ್ಲಿ ಅದಾವು, ಸಾಕು" ಎಂದರು. ಊರಿನವರೆಲ್ಲ ನನ್ನ ಮಾತು ಕೇಳುತ್ತಿದ್ದರು, ಮನೆಯಲ್ಲಿ ನನ್ನ ವಿದ್ಯೆ ನಡೆಯುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ದವಾಖಾನೆಯವರು ನನ್ನನ್ನು ಮುಧೋಳದ ಯೋಗ ಶಿಬಿರಕ್ಕೆ ಕಳಿಸಿದರು. ಅಲ್ಲಿಗೆ ಒಬ್ಬ ಹಳೆಯ ಪೈಲ್ವಾನರು ಬರುತ್ತಿದ್ದರು. ಕತ್ತು, ಎದೆ ಎಲ್ಲ ಇನ್ನೂ ಹಾಗೇ ಇದ್ದವು, ಮೊಣಕಾಲು ಮಾತ್ರ ಹೋಗಿದ್ದವು. ಮೊದಲ ದಿನವೇ, "ಅಕ್ಕಾರ, ನಾ ಗರಡಿ ಮನ್ಯಾಗ ಬೆಳದಾಂವ. ಹಿಂಗ ಬೆಕ್ಕು ಮೈ ಮುರದಂಗ ಮಾಡೂದು ನನಗ ಹಿಡಸೂದಿಲ್ಲ. ಛಲೋ ಬೆವರ ಇಳಿಯೂವಂಗ ಏನರ ಹೇಳ್ರಿ" ಎಂದರು.

"ಹಂಗಾದ್ರ ಕುರ್ಚಿ ಮ್ಯಾಲ ಕೂಡ್ರಿ ಮಾಮಾರ. ಎದ್ದು ನಿಂತು ಮತ್ತ ಕೂಡೂದು, ಅಷ್ಟಾ. ಆದ್ರ ಕೂಡೂಮುಂದ ನಿಮ್ಮ ಉಸಿರು ಪೂರಾ ಹೊರಗ ಹೋಗೂ ತನಕ ಕುರ್ಚಿಗೆ ಮೈ ತಾಗಬಾರದು."

ಎದ್ದರು. ಕೂಡಲು ಹೋದರು. ಅರ್ಧಕ್ಕೆ ಮೊಣಕಾಲು ಗದಗದ ನಡುಗಿ ಧಪ್ಪನೆ ಕುಳಿತರು. ಕುರ್ಚಿ ಕಿರ್ ಎಂದಿತು. ಸುತ್ತಲಿನವರು ನಕ್ಕರು.

"ಕುರ್ಚಿ ಸಣ್ಣದೈತಿ" ಎಂದರು ಪೈಲ್ವಾನರು.

ಕುರ್ಚಿಯ ಮೇಲೆ ಮಡಿಸಿದ ಜಮಖಾನೆ ಇಟ್ಟು ಎತ್ತರ ಮಾಡಿಕೊಟ್ಟೆ. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಳ್ಳಲು ಹೇಳಿದೆ. ದಿನ ಹೋದಂತೆ ಜಮಖಾನೆಯ ಮಡಿಕೆ ಕಡಿಮೆ ಮಾಡಿದೆ. ಶಿಬಿರ ಮುಗಿಯಲು ಒಂದು ವಾರ ಇರುವಾಗ ಅವರು ಕೈ ಹಿಡಿಯದೆ, ಹೂ ಇಳಿಸಿದಂತೆ ತಮ್ಮ ದೊಡ್ಡ ಮೈಯನ್ನು ಇಳಿಸಿ ಕುಳಿತರು. ಹಣೆಯ ಮೇಲೆ ಬೆವರೂ ಬಂದಿತ್ತು. "ಕೆಡವೂದ ಕಲತಿದ್ದೆ ಅಕ್ಕಾರ. ಇಳಸೂದು ಯಾರೂ ಕಲಿಸಿದ್ದಿಲ್ಲ" ಎಂದರು. ಮರುವಾರ ತಮ್ಮ ಗರಡಿಯ ಹಳೆಯ ಗೆಳೆಯರನ್ನೆಲ್ಲ ಹೊರಡಿಸಿಕೊಂಡು ಬಂದರು. ಆ ಕೋಣೆಯಲ್ಲಿ ಅವರ ಮೀಸೆಗಳಿಗೇ ಜಾಗ ಸಾಲಲಿಲ್ಲ.

ಅತ್ತೆಗೆ ಹೇಳಿದೆ. ನಗುತ್ತ ಕೇಳಿದರು. ಕೊನೆಗೆ, "ಪೈಲ್ವಾನ ಮಾಡ್ಯಾನಂತ ನಾ ಮಾಡಲ್ಯಾ? ನಾ ಏನ ಕುಸ್ತಿ ಹಿಡಿಯಾಕ ಹೊಂಟೇನಿ?" ಎಂದು ಎದ್ದು ಹೋದರು. ಹೋಗುವಾಗ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡಿದ್ದರು, ಅತ್ತ ಕೂಸನ್ನು ಹಿಡಿದಂತೆ.

ಮಳೆ ಶುರುವಾದಾಗ ಬೀಳಗಿಯ ಶಿಬಿರಕ್ಕೆ ಹೋದೆ. ಅಲ್ಲಿ ಬೀರೇಶ್ವರನ ಭಕ್ತರಾದ ಕುರಿಗಾರರ ಮನೆತನದ ಲಕ್ಕಪ್ಪಜ್ಜ ಎಂಬವರು ಬಾಗಿಲ ಹೊರಗೇ ನಿಂತು ನೋಡುತ್ತಿದ್ದರು. ಒಳಗೆ ನಾನು ಗೋಡೆ ಹಿಡಿದು ಒಂದು ಕಾಲ ಮೇಲೆ ನಿಲ್ಲಿಸುತ್ತಿದ್ದೆ, ಎಲ್ಲರೂ ಓಲಾಡುತ್ತಿದ್ದರು. ಅಜ್ಜ ಕೋಲಿಗೆ ಒರಗಿ, ಒಂದು ಪಾದವನ್ನು ಇನ್ನೊಂದು ಮೊಣಕಾಲಿಗೆ ಹಚ್ಚಿ, ಕೊಕ್ಕರೆಯಂತೆ ಅಲುಗದೆ ನಿಂತಿದ್ದರು.

"ಅಜ್ಜಾ, ಒಳಗ ಬರ್ರಿ."

"ಇಲ್ಲೇ ಇರ್ತೇನಿ ತಂಗಿ. ಕುರಿ ಕಾದಂಗ ನಿಮ್ಮನ್ನ ಕಾಯಾಕತ್ತೇನಿ."

ಅವರಿಗೆ ಬಲ ಸೊಂಟದ ಕೀಲು ನೋವು. ರಾತ್ರಿ ಆ ಮಗ್ಗುಲಿಗೆ ಮಲಗಲಾಗುತ್ತಿರಲಿಲ್ಲ. ನೋಡಿದರೆ ಅವರು ನಿಲ್ಲುವುದು ಯಾವಾಗಲೂ ಬಲಗಾಲ ಮೇಲೆಯೇ. "ಎಡಗಾಲ ಮ್ಯಾಲ ನಿಂದರ್ರಿ" ಎಂದೆ. ನಿಂತರು, ಓಲಿದರು, ಕೋಲು ಗಟ್ಟಿ ಹಿಡಿದರು.

"ಈ ಕಾಲಿಗೆ ರೂಢಿ ಇಲ್ಲವಾ."

"ಇಷ್ಟ ವರ್ಷ ಒಂದಾ ಎತ್ತು ಹೂಡೀರಿ ಅಜ್ಜಾ. ಇನ್ನೊಂದು ಮೇಯಕೋಂತ ಕುಂತೈತಿ."

ಅಜ್ಜ ಹಲ್ಲಿಲ್ಲದ ಬಾಯಿ ಬಿಟ್ಟು ನಕ್ಕರು. ಕೋಲಿನ ಜೊತೆಯೇ, ಕುರಿ ಕಾಯುವಾಗಲೇ, ಕಾಲು ಬದಲಿಸುತ್ತ ನಿಲ್ಲಲು ಹೇಳಿದೆ. ಕುಳಿತಾಗ ಮಾಡಲು ಒಂದೆರಡು ಹಗುರಾದ ಚಲನೆ ಕೊಟ್ಟೆ. ಚಾಪೆ ಬೇಕಾಗಲಿಲ್ಲ. ಮುಂದಿನ ಸಲ ಹೋದಾಗ ಈಗ ಎರಡೂ ಮಗ್ಗುಲಿಗೆ ನಿದ್ದೆ ಬರುತ್ತದೆ ಎಂದರು.

ಬೀಳಗಿಯಿಂದ ಬರುವಾಗ ಲೋಕಾಪುರದಲ್ಲಿ ಬಸ್ಸು ಬಹಳ ಹೊತ್ತು ನಿಂತಿತ್ತು. ಕಿಟಕಿಯ ಪಕ್ಕ ಕುಳಿತು ಅಜ್ಜನ ಕೋಲನ್ನೇ ನೆನೆಯುತ್ತಿದ್ದೆ. ಅವರಿಗೆ ಹೊಸದೇನನ್ನೂ ಕಲಿಸಿರಲಿಲ್ಲ. ಅವರು ನಿಂತ ಜಾಗಕ್ಕೇ ನಾನು ಹೋಗಿದ್ದೆ. ಅತ್ತೆಯನ್ನು ಮಾತ್ರ ನಾನು ಚಾಪೆಗೆ ಕರೆಯುತ್ತಲೇ ಇದ್ದೆ. ಅವರ ಮೈ ಆರಾಮಾಗಿ ಇದ್ದದ್ದು ಭೂಮಿಯ ಮೇಲೆ ಒಂದೇ ಕಡೆ, ಕುಣಿಯ ಅಂಚಿನಲ್ಲಿ.

ಮರುದಿನ ಬೆಳಿಗ್ಗೆ ನಾನು ಚಾಪೆ ತರಲಿಲ್ಲ. "ಅತ್ತೀ, ಮಗ್ಗದ ಮ್ಯಾಲ ಕೂಡ್ರಿ. ನೇಯೂದ ಬ್ಯಾಡ. ಅರಿವಿ ಮ್ಯಾಲ ಧೂಳ ಕುಂತೈತಿ, ಕೈಲೇ ಸವರ್ರಿ" ಎಂದೆ. ಅವರು ಕಾಲು ಇಳಿಬಿಟ್ಟು ಕುಳಿತರು. ನೇಯ್ದ ಅರಿವೆ ಮುಂದೆ ಬಿಗಿಯಾಗಿ ಚಾಚಿಕೊಂಡಿತ್ತು. ಅದರ ಮೇಲೆ ಅಂಗೈ ಇಟ್ಟು ಉಸಿರು ಬಿಡುತ್ತ ಮುಂದೆ ಜಾರಿಸುವುದು, ತೆಗೆದುಕೊಳ್ಳುತ್ತ ಹಿಂದೆ ತರುವುದು. ನೋವು ಶುರುವಾಗುವ ಮೊದಲೇ ನಿಲ್ಲಿಸುವುದು. ಅತ್ತೆ ತಮ್ಮ ಅರಿವೆ ನೋಡಿಕೊಳ್ಳುತ್ತಿದ್ದರು, ನಾನು ಅವರ ಭುಜ ನೋಡುತ್ತಿದ್ದೆ. ಆಮೇಲೆ ಕೈಯಲ್ಲಿ ಲಾಳಿ ಕೊಟ್ಟು, ಸ್ವಲ್ಪ ಮುಂದೆ ಬಾಗಿಸಿ, ತೋಳನ್ನು ಕುಣಿಯೊಳಗೆ ಸಡಿಲಾಗಿ ಇಳಿಬಿಡಿಸಿದೆ. ಗಡಿಯಾರದ ಲೋಲಕದಂತೆ ಅದು ತಾನಾಗಿ ತೂಗಬೇಕು. ಲಾಳಿಯ ಭಾರ ಅದಕ್ಕೆ ಸರಿಯಾಗಿತ್ತು.

"ಇದು ಯೋಗಾ ಏನು?" ಎಂದು ಕೇಳಿದರು.

"ಅಲ್ಲರಿ. ಧೂಳ ಹೊಡಿಯೂದು."

"ಹಂಗಂದ್ರ ಮಾಡ್ತೇನಿ."

ಶ್ರಾವಣದ ಹೊತ್ತಿಗೆ ಕೈ ಗಲ್ಲದ ತನಕ ಬಂತು. ಮನೆಯಲ್ಲಿ ನಗು ಬಂತು. ಆಮೇಲೆ ಒಂದು ಸಂಜೆ ಕೆಲಸ ಮುಗಿಸಿ ಬಂದರೆ ಅತ್ತೆ ಮೂಲೆಯಲ್ಲಿ ಭುಜ ಹಿಡಿದುಕೊಂಡು ಕುಳಿತಿದ್ದರು. ಮುಟ್ಟಗೊಡಲಿಲ್ಲ. ನಾನು ಬೆಳಿಗ್ಗೆ, ಸಂಜೆ ಸ್ವಲ್ಪ ಸ್ವಲ್ಪ ಹೇಳಿದ್ದೆ. ಅವರು ನಾನಿಲ್ಲದಾಗ ಇಡೀ ಮಧ್ಯಾಹ್ನ ತೂಗಿದ್ದರು.

"ಯಾಕ ಹಿಂಗ ಮಾಡಿದ್ರಿ ಅತ್ತೀ?"

"ಹೆಚ್ಚ ನೇಯ್ದ್ರ ಹೆಚ್ಚ ಅರಿವಿ ಬರತೈತಿ. ಹೆಚ್ಚ ತೂಗಿದ್ರ ಕೈ ಲಗೂ ಬರಬೇಕಲ್ಲ?"

ನೇಕಾರರ ಊರಲ್ಲಿ ಕೆಲಸ ಮಾಡುವವರು ಇದನ್ನು ಮರೆಯಬಾರದು. ನೇಯ್ದಷ್ಟಕ್ಕೇ ಕೂಲಿ ಪಡೆದು ಬದುಕಿದವರಿಗೆ "ಸ್ವಲ್ಪ ಮಾಡಿರಿ" ಎಂಬುದು ಬುದ್ಧಿಮಾತಾಗಿ ಕೇಳುವುದಿಲ್ಲ, ಸೋಮಾರಿತನವಾಗಿ ಕೇಳುತ್ತದೆ. ಮಾಡುವುದನ್ನು ಕಲಿಸುವ ಮೊದಲು ಎಲ್ಲಿ ನಿಲ್ಲಿಸಬೇಕೆಂದು ಕಲಿಸಬೇಕು.

ಕೈ ಮತ್ತೆ ಎದೆಯ ಮಟ್ಟಕ್ಕೆ ಇಳಿಯಿತು. ಡಾಕ್ಟರು ಕೆಲವು ದಿನ ಪೂರ್ತಿ ಬಿಡು ಎಂದರು. ಆಗಲೇ ಒಂದು ಬೆಳಿಗ್ಗೆ ಯಜಮಾನರು ಟ್ರ್ಯಾಕ್ಟರಿನಲ್ಲಿ ಕೆಂಪು ಮಣ್ಣು ತರಿಸಿ ಹಿತ್ತಲಲ್ಲಿ ಸುರಿಸಿದರು. ಅತ್ತೆ ಹಿತ್ತಲ ಬಾಗಿಲಲ್ಲಿ ನಿಂತು ಆ ಗುಡ್ಡೆಯನ್ನು ನೋಡಿದರು. ಅಂದು ಊಟಕ್ಕೆ ಅರ್ಧ ರೊಟ್ಟಿ ಬಿಟ್ಟರು, ಮಗನ ಜೊತೆ ಮಾತಾಡಲಿಲ್ಲ.

ನಾನು ಯಜಮಾನರನ್ನು ಕೇಳಿದೆ, "ಮಹಾನವಮಿ ಇನ್ನ ಬಂದಿಲ್ಲಲ್ಲ?"

"ಆಕಿ ಬಿದ್ದದ್ದ ನೀ ನೋಡಿಲ್ಲ ಶಾಂತಾ. ಎತ್ತಿದಾಂವ ನಾನು" ಎಂದರು. ಅವರ ಮೇಲೂ ಸಿಟ್ಟು ಮಾಡಲಾಗಲಿಲ್ಲ.

ಕೈ ಮುಟ್ಟುವಂತಿರಲಿಲ್ಲ. ಉಸಿರೊಂದೇ ಉಳಿದಿತ್ತು. ಅತ್ತೆಗೆ ನೋವಿಗಿಂತ ನಿದ್ದೆ ಇಲ್ಲದ್ದು ಹೆಚ್ಚು ಕಾಡುತ್ತಿತ್ತು. ನಾನು ಅವರ ಬಲಗೈಯ ಕೆಳಗೆ ಒಂದು ದಿಂಬು, ಬೆನ್ನಿಗೆ ಒಂದು ದಿಂಬು ಇಟ್ಟು ಒರಗಿಸಿದೆ. ಪೂರ್ತಿ ಮಲಗಲಿಲ್ಲವಾದ್ದರಿಂದ ಅವರು ಬೇಡವೆನ್ನಲಿಲ್ಲ. ಬಾಯಿ ಮುಚ್ಚಿಕೊಂಡು, ಉಸಿರು ಬಿಡುವಾಗ ದುಂಬಿಯಂತೆ ಮೆಲ್ಲಗೆ ಗುಂಯ್‌ಗುಡಲು ಹೇಳಿದೆ. ನಾನೂ ಪಕ್ಕದಲ್ಲಿ ಕುಳಿತು ಗುಂಯ್‌ಗುಟ್ಟಿದೆ. ಹಿಂದಿನಿಂದ ಪವರ್‌ಲೂಮಿನ ಸಪ್ಪಳ ಬರುತ್ತಿತ್ತು.

ಯಜಮಾನರು ಒಳಗೆ ಬಂದು, "ಏನಿದು, ಅತ್ತಿ ಸೊಸಿ ಇಬ್ಬರೂ ಜೇನ ಕಟ್ಟಾಕತ್ತೀರೇನು?" ಎಂದರು.

ಅತ್ತೆಗೆ ಗುಂಯ್‌ಗುಡುತ್ತಲೇ ನಗು ಬಂತು. ನಗು ಬಂದದ್ದರಿಂದ ಮಗನ ಜೊತೆ ಮಾತು ಬಿಟ್ಟದ್ದು ಅಲ್ಲಿಗೆ ಮುಗಿಯಿತು. "ಹತ್ರ ಬಂದ್ರ ಕಡೀತೇವಿ ನೋಡ್" ಎಂದರು. ಅವತ್ತು ನಿದ್ದೆ ಹತ್ತಿತು. ದಿನಾಲೂ ಹತ್ತತೊಡಗಿತು. ನಿದ್ದೆ ಬಂದ ಮೇಲೆ ಮುಖದ ಬಿಗುವು ಹೋಯಿತು, ಶುಗರ್‌ ಸಹ ಹತೋಟಿಗೆ ಬಂತೆಂದು ಡಾಕ್ಟರು ಹೇಳಿದರು. ಕೈ ತಾನೇ ಸಡಿಲವಾಗತೊಡಗಿದ್ದು ಆಮೇಲೆ. ಭುಜವನ್ನು ಭುಜದಿಂದಲೇ ರಿಪೇರಿ ಮಾಡುತ್ತೇನೆ ಎಂದು ಹೊರಟಿದ್ದೆ ನಾನು. ಅದು ಹೆದರಿಕೆಯಿಂದಲೂ ಬಿಗಿದಿತ್ತು. ಮಣ್ಣಿನ ಗುಡ್ಡೆ ನೋಡಿದ ಮನಸ್ಸು ಮೊದಲು ಒರಗಬೇಕಾಗಿತ್ತು.

ಮತ್ತೆ ಅರಿವೆ ಸವರುವುದು ಶುರು ಮಾಡಿದೆವು. ಈ ಸಲ ಅತ್ತೆಯೇ, "ಸಾಕೇನ?" ಎಂದು ಕೇಳಿ ನಿಲ್ಲಿಸುತ್ತಿದ್ದರು. ಕುಣಿಯಿಂದ ಏಳುವುದನ್ನೂ ಬದಲಿಸಿದೆವು. ನೇರ ಕೈ ಊರಿ ಎದ್ದರೆ ಭಾರವೆಲ್ಲ ಭುಜದ ಮೇಲೆ. ಪಕ್ಕಕ್ಕೆ ಹೊರಳಿ, ಒಂದೊಂದೇ ಕಾಲು ಮೇಲೆ ತಂದು, ಮಂಡಿಯೂರಿ, ಕಂಬ ಹಿಡಿದು ಏಳುವುದು. ಮೊದಮೊದಲು "ಇದು ಎಮ್ಮಿ ಎದ್ದಂಗ ಆತು" ಎಂದು ಗೊಣಗಿದರು. ಆಮೇಲೆ ಅದೇ ರೂಢಿಯಾಯಿತು.

ಮಹಾನವಮಿಯ ದಿನ ಮಗ್ಗ ತೊಳೆದು, ಕುಂಕುಮ, ಅರಿಷಿಣದ ಭಂಡಾರ ಹಚ್ಚಿದೆವು. ನೇಯುವವರೇ ಮಗ್ಗದ ಮೇಲಿನ ತೊಲೆಗೆ ಚೆಂಡುಹೂವಿನ ಮಾಲೆ ಹಾಕಬೇಕು. ಅತ್ತೆ ಮಾಲೆ ತೆಗೆದುಕೊಂಡು ನಿಂತರು. ಯಜಮಾನರು ಕೈಕಟ್ಟಿಕೊಂಡು ಬಾಗಿಲಲ್ಲಿದ್ದರು. ಬಲಗೈ ಗಲ್ಲ ದಾಟಿತು, ಕಣ್ಣಿನ ಮಟ್ಟಕ್ಕೆ ಬಂತು, ಹಣೆಯ ಹತ್ತಿರ ನಿಂತಿತು. ಅಲ್ಲಿಂದ ಮೇಲೆ ಹೋಗಲಿಲ್ಲ. ತೊಲೆ ಇನ್ನೂ ಒಂದು ಗೇಣು ಮೇಲಿತ್ತು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ಬಿಡಿ ಬಿಡಿ ಎಂದು ಊರಿಗೆಲ್ಲ ಹೇಳಿದವಳು.

ಅತ್ತೆ ಕೈ ಎಲ್ಲಿ 'ಸಾಕು' ಎಂದಿತೋ ಅಲ್ಲಿಂದ ಇಳಿಸಿ, ಮಾಲೆಯನ್ನು ಕೆಳಗಿನ ಅಡ್ಡಕೋಲಿಗೆ ಹಾಕಿದರು. "ಇಷ್ಟ ಬಂದೇನಿ ನಾ. ಉಳಿದಷ್ಟು ದೇವರಾ ಇಳದ ಬರ್ಲಿ" ಎಂದು ಮಗ್ಗಕ್ಕೆ ಕೈಮುಗಿದರು. ಆಮೇಲೆ ಯಾರೂ ಹೇಳದೆ ಕಾಲು ಇಳಿಬಿಟ್ಟು ಕುಳಿತು, ಹಗ್ಗ ಎಳೆದು ನಾಲ್ಕು ಸಲ ಲಾಳಿ ಓಡಿಸಿ, ಪಕ್ಕಕ್ಕೆ ಹೊರಳಿ, ಕಂಬ ಹಿಡಿದು ತಾವೇ ಎದ್ದು ಬಂದರು. ಮಗನ ಮುಂದೆ ನಿಂತು, "ನನ್ನ ಎತ್ತೂ ಹೊತ್ತ ಬಂದಾಗ ಕರೀತೇನಿ" ಎಂದರು.

ಯಜಮಾನರು ನನ್ನ ಕಡೆ ನೋಡಿ, "ಮಣ್ಣ ಅಲ್ಲೇ ಬಿದ್ದಿರ್ಲಿ" ಎಂದರು.

ಮಣ್ಣು ಹಿತ್ತಲಲ್ಲೇ ಬಿದ್ದಿತ್ತು. ಕೋಳಿಗಳು ಕೆದರಿದವು, ಮಳೆಗೆ ಕುಂಬಳದ ಬಳ್ಳಿ ತಾನಾಗಿ ಹಬ್ಬಿತು. ಅತ್ತೆ ತಮ್ಮ ಕೈ ಒಪ್ಪಿದಷ್ಟು ನೇಯ್ದರು, ಹಿಂದಿನಂತೆ ದಿನಪೂರ್ತಿ ಅಲ್ಲ. ನಡುನಡುವೆ ಅರಿವೆ ಸವರಿ ಕೈ ಚಾಚುವರು. ಓಣಿಯ ಹೆಂಗಸರು ಭುಜ, ಕತ್ತು ಎಂದು ಬಂದರೆ ನನಗಿಂತ ಮೊದಲು ಅವರೇ ಶುರು ಮಾಡುವರು. "ಕುಂಡ್ರವಾ. ಮದಲ ಉಸಿರ ಬಿಡ. ನನ್ನ ಸೊಸಿ ಹೇಳ್ತಾಳ ಅಂತ ಅಲ್ಲ, ನಾ ಹೇಳ್ತೇನಿ" ಎನ್ನುವರು. ಹಾಗೆ ಕೆಲವು ವರ್ಷ ಹೋದವು. ಆ ಹಾಸು ಮುಗಿಯಿತು, ಇನ್ನೊಂದು ಹೂಡಿದರು, ಅದೂ ಮುಗಿಯುತ್ತ ಬಂತು.

ಒಂದು ಬೆಳಿಗ್ಗೆ ಅತ್ತೆ ಕೊನೆಯ ಸೀರೆಯನ್ನು ಮಗ್ಗದಿಂದ ಕೊಯ್ದು ಮಡಿಸಿಟ್ಟರು. ಕುಣಿಯಿಂದ ಎಮ್ಮೆ ಎದ್ದಂತೆ ಸಾವಕಾಶವಾಗಿ ಎದ್ದರು. ಸೆರಗು ಸರಿಮಾಡಿಕೊಂಡು ಹಿತ್ತಲ ಕಡೆ ಮುಖ ಮಾಡಿ ಕೂಗಿದರು.

"ಗುರಪ್ಪಾ, ಬುಟ್ಟಿ ತಗೊಂಡ ಬಾ. ಕುಣಿ ಮುಚ್ಚೋಣು."

ಯಜಮಾನರು ಓಡಿ ಬಂದರು. "ಯಾಕ ಯವ್ವಾ? ಕೈ ನೋಯಾಕತ್ತೇತೇನು? ನಾ ಏನೂ ಅಂದಿಲ್ಲಲ್ಲ."

"ನೀ ಅಂದ ದಿವಸ ಮುಚ್ಚಿದ್ರ ನನ್ನ ಕೈ ಸೋತು ಮುಚ್ಚಿದಂಗ ಆಗ್ತಿತ್ತು. ಇವತ್ತ ಕೈ ಛಲೋ ಐತಿ. ಹಾಸೂ ಮುಗದೈತಿ. ಸಾಕು ಅನಸ್ತು, ಎದ್ದೆ."

ಯಜಮಾನರು ಹಿತ್ತಲಿಗೆ ಹೋದರು. ಬಳ್ಳಿ ಸರಿಸಿ ಬುಟ್ಟಿಗೆ ಮಣ್ಣು ತುಂಬಿ ತಂದರು. ಕುಣಿಗೆ ಸುರಿಯಲು ಬಗ್ಗಿದಾಗ ಅತ್ತೆ ತಡೆದರು. "ಮದಲನೇದು ನಂದು" ಎಂದರು. ಭಾರವಾದೀತೆಂದು ನಾನು ಅರ್ಧ ಮಣ್ಣು ತೆಗೆಯಹೋದೆ, ನನ್ನ ಕೈಯನ್ನು ಮೆಲ್ಲಗೆ ಬದಿಗೆ ಸರಿಸಿದರು. ಉಸಿರು ತೆಗೆದುಕೊಂಡರು. ಬುಟ್ಟಿಯನ್ನು ಎರಡೂ ಕೈಯಲ್ಲಿ ಎತ್ತಿ ತಲೆಯ ಮೇಲೆ ಇಟ್ಟುಕೊಂಡರು, ಹೊಲದ ಕೆಲಸದ ಹೆಂಗಸರು ಇಟ್ಟುಕೊಳ್ಳುವ ಹಾಗೆ. ಕುಣಿಯ ಅಂಚಿನ ತನಕ ನಡೆದರು.

ಅವರ ಬಲತೋಳು ಕಿವಿಗೆ ತಾಗಿತ್ತು.

ನನ್ನ ಕೆಲಸದ ಅಷ್ಟೂ ವರ್ಷಗಳಲ್ಲಿ ಬಹಳ ಭುಜಗಳನ್ನು ನೋಡಿದ್ದೇನೆ. ಕಿವಿಗೆ ತಾಗಿದ ತೋಳು ನೋಡಿ ಅತ್ತದ್ದು ಅದೊಂದೇ ಸಲ. ಅತ್ತೆ ಉಸಿರು ಬಿಡುತ್ತ ಮಣ್ಣು ಸುರಿದು, ಖಾಲಿ ಬುಟ್ಟಿಯನ್ನು ಮಗನ ಕೈಗೆ ಕೊಟ್ಟರು. "ಇನ್ನ ನೀ ಹಾಕ. ನಾ ಸ್ವಲ್ಪ ವಿಶ್ರಾಂತಿ ತಗೋತೇನಿ" ಎಂದು, ಎಂದೂ ಒಪ್ಪದವರು, ನನ್ನ ಚಾಪೆಯನ್ನು ತಾವೇ ಹಾಸಿಕೊಂಡು ಪಡಸಾಲೆಯಲ್ಲಿ ಅಂಗಾತ ಮಲಗಿದರು. ಮಗ ಮಣ್ಣು ಸುರಿಯುವ ಸಪ್ಪಳ ಕೇಳುತ್ತಲೇ ನಿದ್ದೆ ಹೋಗಿ, ಗೊರಕೆ ಹೊಡೆಯತೊಡಗಿದರು.